ಮುಚ್ಚಳದೊಳಗಿನ ಕುಂಕುಮ

ಯಲಹಂಕದ ಗೇಮ್ ಸೆಂಟರೊಂದರಲ್ಲಿ ನಾನು ಟಿಕೆಟ್ ಕೊಡುತ್ತಿದ್ದೆ, ಅಲ್ಲಿ ಹಿರಿಯರೊಬ್ಬರು ಮೆಕ್ಯಾನಿಕ್ ಆಗಿದ್ದರು. ಉಕ್ಕಿನ ಗುಂಡು ಗಂಟೆಗಳಿಗೆ ಬಡಿಯುತ್ತ ಓಡುವ ಹಳೇ ಪಿನ್‌ಬಾಲ್ ಮೆಷೀನು ಅವರ ಸುಪರ್ದಿಯಲ್ಲಿತ್ತು. ಕಂಪನಿ ಕೈ ಬದಲಾದಾಗಲೆಲ್ಲ ಅದರ ಮೈಮೇಲೆ ಹೊಸ ಸ್ಟಿಕ್ಕರ್, ನಮ್ಮ ಮೈಮೇಲೆ ಹೊಸ ಟೀ ಶರ್ಟ್. ಅವರು ಗಾಜಿನ ಮೇಲೆ ಅಂಗೈಯಿಟ್ಟು, ಮೆಷೀನಿನ ಅದುರುವಿಕೆ ಕೈಗೆ ತಾಗುವವರೆಗೂ ನಿಂತು, "ಒಳಗೆ ಅದೇ ಕಣ್ರೀ" ಎನ್ನುತ್ತಿದ್ದರು.

ಆಯುಧಪೂಜೆಗೆ ಮೆಷೀನುಗಳಿಗೆ ಕುಂಕುಮ ಹಚ್ಚಕೂಡದೆಂದು ಎರಡನೇ ಕಂಪನಿ ಹೇಳಿತು. ಅವರು ಅಂದಿನಿಂದ ಪ್ರತಿವರ್ಷ ಮುಚ್ಚಳ ಎತ್ತಿ, ವೈರುಗಳ ನಡುವೆ, ಯಾರಿಗೂ ಕಾಣದ ಕಡೆ ಹಚ್ಚಿದರು.

ಕೊನೆಗೆ ಬಂದ ಕಂಪನಿಗೆ ಹಳೆಯದೆಂದರೆ ಇಷ್ಟ. ಕಂಪನಿಯವರು ಸ್ಟಿಕ್ಕರುಗಳನ್ನು ಕಿತ್ತು ಮೊದಲಿನ ಚಿತ್ರವನ್ನೇ ಬರೆಸಿದರು. ಒಳಗಿದ್ದುದನ್ನೆಲ್ಲ ಗುಜರಿಗೆ ಹಾಕಿ ಟೀವಿ ಪರದೆ ಕೂರಿಸಿದರು. ಗುಂಡೂ ಗಂಟೆಯೂ ಪರದೆಯ ಮೇಲಿನ ಚಿತ್ರಗಳಾದವು.

ಆ ವರ್ಷದ ಆಯುಧಪೂಜೆಗೆ ಹುಡುಗುವಯಸ್ಸಿನ ಮ್ಯಾನೇಜರ್, "ಈ ಸಲ ಹೊರಗಡೇನೇ ಹಚ್ಚಿ ಸಾರ್, ಫೋಟೋ ಚೆನ್ನಾಗ್ ಬರುತ್ತೆ" ಎಂದ.

ಅವರು ಬೆರಳಿಗೆ ಕುಂಕುಮ ತೆಗೆದುಕೊಂಡು, ಇನ್ನೊಂದು ಕೈಯನ್ನು ಗಾಜಿನ ಮೇಲಿಟ್ಟು ಬಹಳ ಹೊತ್ತು ನಿಂತರು. ಆಮೇಲೆ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಅದರ ಹಿಡಿಗೆ ಹಚ್ಚಿದರು.

"ಇದಕ್ಕೆ ಬೇಡ ಬಿಡಪ್ಪ," ಎಂದರು. "ಒಳಗೆ ಯಾರೂ ಇಲ್ಲ."