ಸುಣ್ಣದ ಬೊಟ್ಟಿನ ಪೆಟ್ಟಿಗೆ

ನಾನು ದೆವ್ವ ನಂಬುವವನಲ್ಲ. ಸಿಂಧನೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಸಾಕ್ಷಿಯಿಲ್ಲದ ಮಾತು ನನಗೆ ಸೇರುವುದಿಲ್ಲ. ಆದರೂ ಇದು ನಡೆದದ್ದು. ನನ್ನ ನೆನಪು ಒಂದು ಕಡೆ ತಪ್ಪಿರಬಹುದು... ಎಲ್ಲಿ ಎಂಬುದನ್ನೂ ಹೇಳುತ್ತೇನೆ.

ಹಳೆಯ ಮದ್ಯದ ಮರದ ಪೆಟ್ಟಿಗೆಗಳನ್ನು ಕೂಡಿಡುವುದು ನನ್ನ ಹುಚ್ಚು. ರಟ್ಟಿನ ಡಬ್ಬಿ ಬರುವ ಮೊದಲು ಬಾಟಲಿಗಳು ಒಣಹುಲ್ಲಿನಲ್ಲಿ ಹುದುಗಿ ಇಂಥ ಪೆಟ್ಟಿಗೆಗಳಲ್ಲೇ ಬರುತ್ತಿದ್ದವು. ನಿಜಾಮರ ಕಾಲದ್ದಾದರೆ ಹಲಗೆಯ ಮೇಲೆ ಕಾಸಿದ ಕಬ್ಬಿಣದಿಂದ ಸುಟ್ಟ ಉರ್ದು ಅಕ್ಷರಗಳಿರುತ್ತವೆ. ಅಂಥದೊಂದು ಮಸ್ಕಿಯ ಬಸಮ್ಮಜ್ಜಿಯ ಮನೆಯಲ್ಲಿ ಕಂಡಿತು.

ಅಜ್ಜಿಯ ಗಂಡ ಮದ್ಯದ ಡಿಪೋದಲ್ಲಿ ಹಮಾಲಿಯಾಗಿದ್ದರು. ಮದುವೆಯ ಹೊಸದರಲ್ಲಿ ಸರಕಿನ ಗಾಡಿ ಹತ್ತಿ ಲಿಂಗಸುಗೂರಿಗೆ ಹೋದವರು ಮರಳಲಿಲ್ಲ. ಅಂದಿನಿಂದ ಪ್ರತಿ ಅಮಾವಾಸ್ಯೆಗೂ ಅಜ್ಜಿ, ಅವರು ಡಿಪೋದಿಂದ ತಂದಿಟ್ಟಿದ್ದ ಈ ಪೆಟ್ಟಿಗೆಯ ಒಳಗೋಡೆಗೆ ಒಂದು ಸುಣ್ಣದ ಬೊಟ್ಟು ಇಡುತ್ತಿದ್ದಳು.

"ಬಂದ್ರ ತೋರಸಬೇಕಲ್ಲ ತಮ್ಮಾ, ಎಷ್ಟು ಕಾಯಿಸ್ಯಾರ ಅಂತ," ಎಂದು ನಕ್ಕಳು. ಕಣ್ಣು ಮಂಜಾಗಿತ್ತು, ಬೊಟ್ಟುಗಳನ್ನು ಬೆರಳಿನಿಂದಲೇ ಸವರುತ್ತಿದ್ದಳು.

"ಫೋಟೊ ತಗೊಂಡು ಅಮಾಸಿ ಒಳಗ ತಂದು ಕೊಡ್ತೀನಿ ಯವ್ವಾ."

"ಓದಿದವ್ರ ಮಾತು... ನಂಬಬೇಕೇನಪಾ?"

ನಂಬಿ ಕೊಟ್ಟಳು.

ತಂದ ಮೇಲೆ ಹಿಂದಿರುಗಿಸುವ ಮನಸ್ಸಾಗಲಿಲ್ಲ. ಉಳಿದ ಪೆಟ್ಟಿಗೆಗಳಂತೆ ಇದನ್ನೂ ಸ್ಯಾಂಡ್ ಪೇಪರ್ ಹಾಕಿ ಒಳಗೂ ಹೊರಗೂ ಉಜ್ಜಿದೆ. ಉರ್ದು ಅಕ್ಷರ ಇತಿಹಾಸ, ಸುಣ್ಣ ಬರೀ ಕಲೆ ಎಂದುಕೊಂಡೆ. ಬೊಟ್ಟುಗಳು ಹಿಟ್ಟಾಗಿ ಉದುರಿದವು.

ಅಮಾವಾಸ್ಯೆ ಬಂತು. ಕೊಟ್ಟ ಮಾತು ನೆನಪಾಯಿತು. ನಾನೇ ಬೊಟ್ಟು ಇಟ್ಟು ಕೊಟ್ಟರೆ ಮುದುಕಿಗೆ ಏನು ಗೊತ್ತಾದೀತು? ಪಾನ್ ಅಂಗಡಿಯಿಂದ ಸುಣ್ಣದ ಡಬ್ಬಿ ತಂದೆ. ಕೈ ಏಳಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು ಕುಳಿತೆ. ಮನೆಯಲ್ಲಿ ಒಬ್ಬನೇ. ಕರೆಂಟ್ ಹೋಯಿತು.

ಮೊದಲು ವಾಸನೆ... ನೆಂದ ಹುಲ್ಲಿನದು, ಹಸಿ ಸುಣ್ಣದ್ದು.

ಆಮೇಲೆ ಪೆಟ್ಟಿಗೆ ಇಟ್ಟಿದ್ದ ಪಕ್ಕದ ಕೋಣೆಯಿಂದ ಸದ್ದು. ಟಕ್... ಟಕ್... ಕತ್ತಲಲ್ಲಿ ಯಾರೋ ಹಲಗೆಯ ಮೇಲೆ ಬೆರಳಾಡಿಸಿ ಏನನ್ನೋ ಹುಡುಕಿದಂತೆ. ಮೂಲೆಯಿಂದ ಮೂಲೆಗೆ. ಮತ್ತೆ ಮೊದಲಿನಿಂದ. ಕೊನೆಗೆ ನಿಂತಿತು.

ಮೊಬೈಲ್ ಬೆಳಕು ಹಿಡಿದು ಹೋದೆ. ಪೆಟ್ಟಿಗೆಯ ಒಳಗೆ, ಉಜ್ಜಿ ಚೊಕ್ಕ ಮಾಡಿದ ಹಲಗೆಯ ನಡುವೆ ಒಂದೇ ಒಂದು ಸುಣ್ಣದ ಬೊಟ್ಟು. ಇನ್ನೂ ಒದ್ದೆ.

ಬೆಳಿಗ್ಗೆ ಮೇಜಿನ ಮೇಲಿನ ಡಬ್ಬಿ ತೆರೆದಿತ್ತು. ರಾತ್ರಿ ಅದು ಬಿಗಿಯಾಗಿ ಮುಚ್ಚಿತ್ತು... ಹಾಗೆಂದು ನನ್ನ ನೆನಪು. ನೆನಪು ಮಾತ್ರ.

ಅಂದೇ ಪೆಟ್ಟಿಗೆ ಹೊತ್ತು ಮಸ್ಕಿ ಬಸ್ಸು ಹತ್ತಿದೆ.

"ಎಲ್ಲಾ ಅಳಿಸೀನಿ ಯವ್ವಾ. ತಪ್ಪಾತು."

ಅಜ್ಜಿ ಬೈಯಲಿಲ್ಲ. ಒಳಗೆ ಕೈಯಿಟ್ಟು ನಿಧಾನವಾಗಿ ಸವರಿದಳು. ಬೆರಳು ಆ ಬೊಟ್ಟಿನ ಮೇಲೆ ನಿಂತಿತು.

"ಇದು ನನ್ನ ಬೆರಳಲ್ಲ. ದೊಡ್ಡದೈತಿ... ಗಂಡಸಿನ ಹೆಬ್ಬೆರಳು." ಮುಖ ಎತ್ತಿದಳು. "ಬಂದಿದ್ರೇನು?"

ಅಜ್ಜಿಯ ಬೆರಳು ಬೊಟ್ಟಿನ ಸುತ್ತ ಮತ್ತೊಮ್ಮೆ ಆಡಿತು.

"ನೀ ಅಳಿಸೂದಕ್ಕಿಂತ ಮೊದಲ ಬಂದಿದ್ರೋ ತಮ್ಮಾ... ಆಮ್ಯಾಲೋ? ನನ್ನ ಬೊಟ್ಟು ನೋಡ್ಯಾರೋ ಇಲ್ಲೋ?"

ನನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ. ಅದನ್ನು ಆ ಬೊಟ್ಟಿನ ಮೇಲಿಟ್ಟು ಅಳೆದು ನೋಡುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.