ಒಲೆಯಿಲ್ಲದ ಖೋಲಿ

ನಾಸಿಕಕ್ಕೆ ಸೊಸೆಯಾಗಿ ಬಂದು, ಮಗಳು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದರೂ ನಾವು ಸುಮ್ಮನೆ ತಿರುಗಾಡಲಿಕ್ಕೆ ಅಂತ ಎಲ್ಲಿಗೂ ಹೋದದ್ದಿಲ್ಲ. ಸೂಟಿ ಸಿಕ್ಕಿತೆಂದರೆ ಕಲಬುರಗಿ. ಅಲ್ಲಿ ಯಾರದೋ ಮದುವೆ ಇರುತ್ತಿತ್ತು, ಇಲ್ಲವೆಂದರೆ ತೊಟ್ಟಿಲು, ಅದೂ ಇಲ್ಲವೆಂದರೆ ಯಾರೋ ಮನೆ ಕಟ್ಟಿಸಿರುತ್ತಿದ್ದರು. ಇಲ್ಲಿ ಒಂದು ಒಲೆಯ ಮುಂದಿನಿಂದ ಎದ್ದು, ರೈಲಿನಲ್ಲಿ ಮೈಯೆಲ್ಲ ಹಣ್ಣಾಗಿಸಿಕೊಂಡು ಹೋಗಿ, ಅಲ್ಲಿ ಇನ್ನೊಂದು ಒಲೆಯ ಮುಂದೆ ಕೂತರೆ ನನ್ನ ಸೂಟಿ ಮುಗಿಯಿತು. ನಮ್ಮ ಮನೆಯವರು ಮಾತ್ರ ಅಂಬಡ್‌ನ ತಮ್ಮ ಕಂಪನಿಯಲ್ಲಿ ‘ಊರಿಗೆ ಹೋಗಿ ಆರಾಮ ಮಾಡಿ ಬಂದ್ವಿ’ ಅಂತ ಹೇಳಿಕೊಳ್ಳುತ್ತಿದ್ದರು.

ನನ್ನ ತಲೆ ಕೆಡಿಸಿದ್ದು ಎದುರುಮನೆಯಾಕೆ. ಕಳೆದ ಮಳೆಗಾಲದಲ್ಲಿ ಅವರು ಭಂಡಾರದರಾಕ್ಕೆ ಹೋಗಿ ಬಂದು ಫೋನಿನಲ್ಲಿ ಫೋಟೋ ತೋರಿಸಿದರು. ಸುತ್ತ ಹಸಿರು ಬೆಟ್ಟ, ನಡುವೆ ದೊಡ್ಡ ಕೆರೆಯಂತೆ ನಿಂತ ಅಣೆಕಟ್ಟಿನ ನೀರು, ದಂಡೆಯ ಮೇಲೆ ಒಂದು ಕುರ್ಚಿ, ಕುರ್ಚಿಯಲ್ಲಿ ಆಕೆ, ಕೈಯಲ್ಲಿ ಚಹಾ. ನಾನು ಬೆಟ್ಟವನ್ನೂ ನೋಡಲಿಲ್ಲ, ನೀರನ್ನೂ ನೋಡಲಿಲ್ಲ. ಆ ಚಹಾ ನೋಡಿದೆ. ಅದನ್ನು ಬೇರೆ ಯಾರೋ ಮಾಡಿ ಆಕೆಯ ಕೈಗೆ ಕೊಟ್ಟಿದ್ದರು.

ಅವತ್ತು ಊಟಕ್ಕೆ ಬಡಿಸುತ್ತಲೇ ಹೇಳಿಬಿಟ್ಟೆ. “ಭಂಡಾರದರಾಕ್ಕ ಹೋಗೋಣ್ರಿ. ನಿಮ್ಮ ಕಂಪನಿಗಿ ವಾರದ ರಜಾ ಹ್ಯಾಂಗೂ ಶನಿವಾರನೇ ಅದ, ರವಿವಾರ ಒಂದ್ ಸೂಟಿ ಹಾಕ್ರಿ. ಎರಡು ದಿನ. ಎರಡೂ ದಿನ ನಾ ಒಲಿ ಮುಟ್ಟಂಗಿಲ್ಲ.”

“ಆಯ್ತಲ್ಲ, ಹೋಗೋಣು,” ಅಂದರು, ಫೋನಿನಿಂದ ತಲೆ ಎತ್ತದೆ. ಇಷ್ಟು ಸಲೀಸಾಗಿ ಒಪ್ಪಿದ್ದು ನೋಡಿಯೇ ನನಗೆ ಅನುಮಾನ ಬರಬೇಕಿತ್ತು.

ಮಾರನೆಯ ದಿನ ಸಂಜೆ ಖುಷಿಯಿಂದ ಬಂದರು. ಕಂಪನಿಯ ಗೆಳೆಯರೊಬ್ಬರು ಒಂದು ಜಾಗ ಹೇಳಿದ್ದರಂತೆ. ನೀರಿನ ದಂಡೆಯಲ್ಲೇ ಇದೆ, ಭಾರೀ ಛಲೋ ಅದ. “ಮತ್ತ ಕಿಚನ್ ಸುದ್ದಾ ಅದ. ನಾವು ರವಾ, ಅಕ್ಕಿ, ಬ್ಯಾಳಿ ಒಯ್ದ್ರ ಆತು. ಹೊರಗಿಂದು ತಿನ್ನೂದೇ ಬ್ಯಾಡ.”

ನನ್ನ ಮೈಗೆ ಬೆಂಕಿ ಹತ್ತಿತು. ಈ ಮನುಷ್ಯನಿಗೆ ಕಿವಿ ಇದೆಯೋ ಇಲ್ಲವೋ. ಬೆಟ್ಟದ ಮೇಲೆ ಕೂತು ಉಪ್ಪಿಟ್ಟು ಕೆದಕಲಿಕ್ಕೆ ನಾನು ಅಷ್ಟು ದೂರ ಹೋಗಬೇಕೇ? “ನೀವು ಏನೂ ನೋಡಬ್ಯಾಡ್ರಿ. ಜಾಗ ನಾ ಹುಡುಕ್ತೀನಿ,” ಅಂದೆ.

ಹುಡುಕಲಿಕ್ಕೆ ಕೂತ ಮೇಲೆ ಗೊತ್ತಾಯಿತು, ಆ ಕೆರೆಯ ಸುತ್ತಲಿನವರಿಗೆಲ್ಲ ಅಡುಗೆಮನೆಯೆಂದರೆ ಎಷ್ಟು ಅಭಿಮಾನ ಅಂತ. ನಾನು ನನ್ನ ಮರಾಠಿಯಲ್ಲಿ ಮೊದಲು ಅದನ್ನೇ ಕೇಳುತ್ತಿದ್ದೆ. ಅಡುಗೆಮನೆ ಇದೆಯಾ? ಇದೆ ತಾಯಿ, ಗ್ಯಾಸಿದೆ, ಪಾತ್ರೆಯಿದೆ, ಮಿಕ್ಸರೂ ಇದೆ. ಹಾಗಾದರೆ ಬೇಡ ಅಂತ ಫೋನ್ ಇಡುತ್ತಿದ್ದೆ. ಒಬ್ಬರಂತೂ ಪಾಪ, ಬೇಕಾದರೆ ಅಡುಗೆಮನೆಗೆ ಬೀಗ ಹಾಕಿ ಕೀಲಿ ನಮ್ಮ ಹತ್ತಿರವೇ ಇಟ್ಟುಕೊಳ್ಳುತ್ತೇವೆ ಅಂದರು. ನಮ್ಮ ಮನೆಯವರು ಆ ಕೀಲಿಯನ್ನು ನಿಮ್ಮಿಂದ ಇಸಿದುಕೊಳ್ಳುತ್ತಾರೆ, ನಿಮಗೆ ಅವರು ಗೊತ್ತಿಲ್ಲ ಅಂದೆ. ಪಕ್ಕದಲ್ಲಿ ಕೂತ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಕೊನೆಗೆ ಸಿಕ್ಕಿದ್ದು ದಂಡೆಯ ಮೇಲಿನ ಒಂದು ಚಿಕ್ಕ ಮನೆ. ಗಂಡ ಹೆಂಡತಿ ನಡೆಸುತ್ತಾರೆ, ಬಾಡಿಗೆಗೆ ಕೊಡುವುದು ಎರಡೇ ಖೋಲಿ. ಫೋನ್ ಎತ್ತಿದ ಹೆಂಗಸು ಬಹಳ ಸಂಕೋಚದಿಂದ ಹೇಳಿದಳು, ಖೋಲಿಯಲ್ಲಿ ಚಹಾ ಮಾಡಿಕೊಳ್ಳಲಿಕ್ಕೂ ಏನೂ ಇಲ್ಲ ತಾಯಿ, ಏನು ಬೇಕಾದರೂ ನಮ್ಮನ್ನೇ ಕೇಳಬೇಕಾಗುತ್ತದೆ. ನನಗೆ ಆಕೆಯನ್ನು ಅಪ್ಪಿಕೊಳ್ಳಬೇಕು ಅನಿಸಿತು. ಅಲ್ಲಿಯೇ ಒಂದು ಖೋಲಿ ಹಿಡಿದೆ.

ಎಲ್ಲ ಮುಗಿಯಿತು ಅಂದುಕೊಂಡಾಗ ನಮ್ಮ ಮನೆಯವರು ಸಂಭಾಜಿನಗರಕ್ಕೆ ಫೋನ್ ಮಾಡಿದರು.

ಅಲ್ಲಿ ಅವರ ಅಕ್ಕ ಇದ್ದಾರೆ, ನನ್ನ ನಾದಿನಿ. ನಮ್ಮ ಮಂದಿಯಲ್ಲಿ ಹಿರಿಯರಿಗೆ ಹೇಳದೆ ಎಲ್ಲಿಗೂ ಹೊರಡುವಂತಿಲ್ಲ. ಹೇಳಿದ ಮೇಲೆ ‘ನೀವೂ ಬರ್ರಿ’ ಅನ್ನದೆ ಬಿಡುವಂತಿಲ್ಲ. ಊಟದ ಹೊತ್ತಿಗೆ ಬಾಗಿಲಿಗೆ ಬಂದವರಿಗೆ ‘ಏಳ್ರಿ, ಊಟ ಮಾಡೋಣು’ ಅಂದ ಹಾಗೆ ಅದು. ಅವರು ‘ಈಗ ಆತ್ರಿ, ನೀವು ಮಾಡ್ರಿ’ ಅನ್ನಬೇಕು, ನಾವು ‘ಒಂದ್ ತುತ್ತರೆ’ ಅನ್ನಬೇಕು, ಅವರು ಹೋಗಬೇಕು. ಇದು ತೊಟ್ಟಿಲ ಕೂಸಿಗೂ ಗೊತ್ತು. ನಮ್ಮ ಮನೆಯವರು ಅದೇ ರೂಢಿಯಂತೆ ‘ನೀನೂ ಬಾ ಅಕ್ಕಾ’ ಅಂದಿದ್ದಾರೆ. ಅಕ್ಕ ‘ಬರ್ತೀನಿ’ ಅಂದುಬಿಟ್ಟಿದ್ದಾರೆ.

ಫೋನ್ ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. “ಅಕ್ಕ ಬರ್ತಾಳಂತ. ಸಣ್ಣ ಗ್ಯಾಸ್ ಮತ್ತ ಕುಕ್ಕರ್ ತರ್ತೀನಿ ಅಂದಾಳ.”

ಮಗಳು ಒಳಗಿನಿಂದಲೇ ಮರಾಠಿಯಲ್ಲಿ, ಅಮ್ಮಾ ನಿನ್ನ ಪ್ಲ್ಯಾನ್ ಮುಗೀತು ಅಂತ ಕೂಗಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಆದರೆ ನನ್ನನ್ನು ಚುಚ್ಚಬೇಕಾದರೆ ಮರಾಠಿಯೇ ಬರುತ್ತದೆ.

ನಾದಿನಿಯವರ ಬಗ್ಗೆ ಹೇಳಬೇಕು. ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಟ್ಟು, ಕಾಲು ತೊಳೆದು, ನೇರ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡುವ ಹೆಂಗಸು. ಅವರು ಬಡಿದ ರೊಟ್ಟಿಗೆ ಇಡೀ ಬಳಗದಲ್ಲಿ ಹೆಸರು. ಅಂಥವರು ಕೆರೆಯ ದಂಡೆಯಲ್ಲಿ ಗ್ಯಾಸ್ ಹೊತ್ತಿಸಿ ಕೂತರೆ, ತಮ್ಮನ ಹೆಂಡತಿಯಾದ ನಾನು ಕುರ್ಚಿಯಲ್ಲಿ ಕಾಲು ಚಾಚಿ ಚಹಾ ಕುಡಿಯಲಿಕ್ಕೆ ಆಗುತ್ತದೆಯೇ? ಎದ್ದು ಹೋಗಿ ಹಿಟ್ಟು ನಾದಬೇಕು. ನನ್ನ ಎರಡು ದಿನ ಅಲ್ಲಿಗೆ ಮಣ್ಣುಪಾಲು.

ಆ ವಾರ ನಮ್ಮ ಮನೆಯ ಪಾತ್ರೆಗಳು ತೆಪ್ಪಗೆ ಇರಲಿಲ್ಲ. ನನ್ನ ಸಿಟ್ಟು ನೋಡಿ ನಮ್ಮ ಮನೆಯವರು ಒಂದು ಉಪಾಯ ತಂದರು. “ಹಂಗಿದ್ರ ಭಂಡಾರದರಾ ಬ್ಯಾಡ. ಅಕ್ಕನ ಮನಿಗೇ ಹೋಗೋಣು. ವೇರೂಳದ ಗುಹೆ ನೋಡಿದಂಗ ಆಗ್ತದ, ಅಲ್ಲೂ ಗುಡ್ಡ ಅದ.” ಗುಡ್ಡ ಬೇಕಾಗಿದ್ದರೆ ನಿಮ್ಮನ್ನೇ ನೋಡಿಕೊಂಡು ಇರುತ್ತಿದ್ದೆ ಅಂದೆ. ಆಮೇಲೆ ಅವರು ನನ್ನ ತಂಟೆಗೆ ಬರಲಿಲ್ಲ.

ನನಗೆ ಉಳಿದದ್ದು ಒಂದೇ ದಾರಿ. ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ನಾನೇ ನಾದಿನಿಗೆ ಫೋನ್ ಮಾಡಿದೆ. ಮದುವೆಯಾದಾಗಿನಿಂದ ಅವರಿಗೆ ಹ್ಞೂಂ ಅಂದದ್ದು ಬಿಟ್ಟರೆ ಬೇರೆ ಮಾತಾಡಿದವಳಲ್ಲ.

“ಅಕ್ಕಾ, ಗ್ಯಾಸ್ ತರಬ್ಯಾಡ್ರಿ.”

“ಯಾಕವಾ, ಅಲ್ಲೇ ಅದ ಏನು?”

“ಇಲ್ರಿ. ಇಲ್ಲಂತನೇ ಆ ಜಾಗ ಹಿಡ್ದೀನಿ. ಎರಡು ದಿನ ನಾ ಒಲಿ ಮುಟ್ಟಂಗಿಲ್ಲ. ನೀವು ಮುಟ್ಟಿದ್ರ ನನಗ ಸುಮ್ಮ ಕೂಡ್ಲಿಕ್ಕಿ ಆಗಂಗಿಲ್ಲ. ಅದಕ್ಕ ನೀವೂ ಮುಟ್ಟಬಾರ್ದು. ಬರೂದಿದ್ರ ಹಿಂಗ ಬರ್ರಿ.”

ಹೇಳಿದ್ದು ನಾನೇ ಏನು ಅಂತ ನನಗೇ ಗಾಬರಿಯಾಯಿತು. ಆ ಕಡೆ ಕುಕ್ಕರ್ ಒಂದು ಸೀಟಿ ಹೊಡೆಯಿತು. “ತಡಿ,” ಅಂದರು, “ಗ್ಯಾಸ್ ಬಂದ್ ಮಾಡಿ ಬರ್ತೀನಿ.” ಹೋದವರು ಬೇಗ ಬರಲಿಲ್ಲ. ನಾನು ಫೋನ್ ಕಿವಿಗಿಟ್ಟುಕೊಂಡು, ಈಗ ಇವರು ತಮ್ಮನಿಗೆ ಹೇಳುತ್ತಾರೆ, ತಮ್ಮ ನನ್ನ ಗ್ರಹಚಾರ ಬಿಡಿಸುತ್ತಾನೆ ಅಂದುಕೊಳ್ಳುತ್ತ ನಿಂತಿದ್ದೆ.

ಮತ್ತೆ ಫೋನಿಗೆ ಬಂದು ಮಾತಾಡಿದರು, ಸಣ್ಣ ದನಿಯಲ್ಲಿ. “ನಮ್ಮ ಊರಿನ ಮಂದಿ ವೇರೂಳ ನೋಡಿದ್ದು ಯಾರ ಮನ್ಯಾಗ ಇದ್ದು? ನನ್ನ ಮನ್ಯಾಗ. ಸಿಲ್ಲೋಡ್ ಮ್ಯಾಲ ಹಾದು ಅಜಂತಾಕ್ಕ ಹೋಗೋರಿಗಿ ಬುತ್ತಿ ಕಟ್ಟಿದೋರು ಯಾರು? ನಾನೇ. ನನ್ನ ಬುತ್ತಿ ಅಜಂತಾ ನೋಡ್ಯಾದ ತಂಗಿ, ನಾ ನೋಡಿಲ್ಲ. ನಿನ್ನ ಗಂಡ ಬಾ ಅಂದಿದ್ದು ಬಾಯಿಮಾತಿಗಿ ಅಂತ ನಂಗೂ ಗೊತ್ತದ. ಗಟ್ಟಿ ಮನಸ್ಸು ಮಾಡಿ ಹ್ಞೂಂ ಅಂದೆ. ಗ್ಯಾಸ್ ತರ್ತೀನಿ ಅಂದ್ರ ನನ್ನ ಕರ್ಕೊಂಡ್ ಹೋಗ್ತೀರಿ ಅಂತ ಅನ್ಕೊಂಡಿದ್ದೆ.”

ನನಗೆ ಅಳು ಬಂತು. ನಾಸಿಕದಲ್ಲಿ ನಾನೂ ಅದೇ ಮಾಡುತ್ತಿದ್ದೆ. ತ್ರ್ಯಂಬಕಕ್ಕೆ ಬಂದವರು, ಶಿರಡಿಗೆ ಹೊರಟವರು, ಎಲ್ಲರೂ ನನ್ನ ಚಾಪೆಯ ಮೇಲೆ ಮಲಗಿ ನನ್ನ ರೊಟ್ಟಿ ತಿಂದೇ ದೇವರನ್ನು ಕಂಡವರು. ಆದರೆ ಜೊತೆಗೆ ಕರೆದೊಯ್ಯಲಿ ಅಂತ ಗ್ಯಾಸ್ ಹೊತ್ತುಕೊಂಡು ಬರುತ್ತೇನೆ ಅನ್ನುವ ಗತಿ ನನಗಿನ್ನೂ ಬಂದಿರಲಿಲ್ಲ.

“ಅಕ್ಕಾ, ಎರಡನೇ ಖೋಲಿನೂ ಹಿಡೀತೀನಿ. ಅದು ನಿಮ್ದು,” ಅಂದೆ.

“ಒಬ್ಬಾಕಿಗೇ?” ಅಂದರು.

“ಒಬ್ಬಾಕಿಗೇ.”

ಅಲ್ಲಿಂದ ನಾವಿಬ್ಬರೂ ಒಂದಾದೆವು. ದಿನಾ ಮಧ್ಯಾಹ್ನ ಫೋನು. ಏನು ಒಯ್ಯಬೇಕು ಅನ್ನುವುದು ಸಲೀಸು, ಏನು ಒಯ್ಯಬಾರದು ಅನ್ನುವುದಕ್ಕೆ ಹೊತ್ತು ಹಿಡಿಯಿತು. ಹಿಟ್ಟು ಬೇಡ, ರವೆ ಬೇಡ, ಅವಲಕ್ಕಿಯೂ ಬೇಡ. ಒಂದು ಸಣ್ಣ ಡಬ್ಬಿ ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಮಾತ್ರ ಅವರು ಪಟ್ಟು ಹಿಡಿದರು, ಅದೇನು ಬಿಸಿ ಅಡಿಗಿ ಅಲ್ಲಲ್ಲ ಅಂತ. “ಶೇಂಗಾ ಎದರ ಮ್ಯಾಲ ಹುರೀತೀರಿ ಅಕ್ಕಾ?” ಅಂದೆ. ಆಮೇಲೆ ಇಬ್ಬರೂ ನಗಲಿಕ್ಕೆ ಹತ್ತಿದೆವು. ಅವರು ಅಷ್ಟು ನಗುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ.

ನಮ್ಮ ಮನೆಯವರಿಗೆ ಇದು ಅರ್ಥವಾಗಲಿಲ್ಲ. ಹೆಂಡತಿಯನ್ನು ಅಕ್ಕ ದಾರಿಗೆ ತರುತ್ತಾಳೆ ಅಂತ ನೆಚ್ಚಿಕೊಂಡಿದ್ದರು. ಕಡೆಗೆ ಅಕ್ಕನಿಗೇ ಫೋನ್ ಮಾಡಿ, “ನಡುವ ದಾರ್ಯಾಗ ಹಸಿವಾದ್ರ ಏನ್ ಮಾಡೂದು?” ಅಂತ ಕೇಳಿದರು. “ಅತ್ತು ಹೇಳು, ಘೋಟಿಯೊಳಗ ಬಿಸ್ಕೀಟ್ ಕೊಡಸ್ತೀನಿ,” ಅಂದರಂತೆ ಅಕ್ಕ.

ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ನಾದಿನಿ ಬಂದರು. ಬಸ್ಸು ಯೇವಲಾದಲ್ಲಿ ನಿಂತಾಗ ಕಿಟಕಿಯಿಂದ ಪೈಠಣಿ ಸೀರೆಯ ಅಂಗಡಿಗಳನ್ನು ನೋಡಿದರಂತೆ, ವಾಪಸು ಹೋಗುವಾಗ ಇಳಿದು ನೋಡುತ್ತೇನೆ ಅಂದರು. ಅವರ ಕೈಯಿಂದ ಚೀಲ ಇಸಿದುಕೊಂಡೆ. ಹಗುರಾಗಿತ್ತು. ಅವರು ಹಗುರಾದ ಚೀಲ ಹಿಡಿದು ನಮ್ಮ ಮನೆಗೆ ಬಂದದ್ದನ್ನು ನಾನು ಕಂಡಿರಲೇ ಇಲ್ಲ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಹಿಟ್ಟಿನ ಡಬ್ಬಿಯ ಕಡೆ ನೋಡದೆ ಹೊರಗಿನ ಖೋಲಿಯಲ್ಲಿ ಫ್ಯಾನಿನ ಕೆಳಗೆ ಕೂತರು.

ಶನಿವಾರ ಘೋಟಿ ದಾಟಿದ ಮೇಲೆ ಘಾಟಿನ ಹಸಿರು ಕಣ್ಣು ಕುಕ್ಕುವ ಹಾಗಿತ್ತು. ತಿರುವೊಂದರಲ್ಲಿ ಒಮ್ಮೆಲೇ ನೀರು ಕಂಡಿತು, ಆಚೆಯ ಬೆಟ್ಟಗಳ ತಲೆ ಮೋಡದೊಳಗೆ. ನಾದಿನಿ ಕಾರಿನ ಕಿಟಕಿಯ ಗಾಜು ಇಳಿಸಿ ಮುಖ ಹೊರಗೆ ಹಾಕಿದರು. ಮನೆಯ ಅಂಗಳದಲ್ಲಿ, ನೀರಿಗೆ ಮುಖ ಮಾಡಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನಾನು ಹೋಗಿ ಒಂದರಲ್ಲಿ ಕೂತೆ. ನಾದಿನಿ ಪಕ್ಕದಲ್ಲಿ ಕೂತರು. ಮನೆಯ ಹೆಂಗಸು ಚಹಾ ತಂದುಕೊಟ್ಟಳು.

“ಸಕ್ರಿ ಕಡಿಮಿ ಅದಲ್ರಿ ಅಕ್ಕಾ?” ಅಂದೆ.

“ಇರ್ಲಿ. ನಾವೇನು ಮಾಡಿಲ್ಲಲ್ಲ,” ಅಂದರು. ಇಬ್ಬರೂ ಕಡೆಯ ಗುಟುಕಿನವರೆಗೂ ಆರಾಮವಾಗಿ ಕುಡಿದೆವು. ನನಗೆ ಆ ಹೊತ್ತಿನಲ್ಲಿ ಆದ ಆನಂದ ಎಷ್ಟೆಂದರೆ, ಅಲ್ಲಿಂದಲೇ ವಾಪಸು ಹೊರಡಿ ಅಂದಿದ್ದರೂ ಹೊರಡುತ್ತಿದ್ದೆ.

ಆದರೆ ಊಟ ಇತ್ತು. ಹೊರಗಿನ ಪಡಸಾಲೆಯಲ್ಲಿ ಕಟ್ಟಿಗೆಯ ಒಲೆ. ಅದರ ಮುಂದೆ ಕೂತು ಅಕ್ಕಿ ಹಿಟ್ಟಿನ ಭಾಕರಿ ಬಡಿಯುತ್ತಿದ್ದವನು ಆ ಮನೆಯ ಗಂಡಸು. ಹೆಂಡತಿ ಖೋಲಿ, ಫೋನು, ಲೆಕ್ಕ ನೋಡಿಕೊಳ್ಳುತ್ತಾಳಂತೆ, ಅಡುಗೆ ಇವನದಂತೆ. ನಾದಿನಿ ಕಣ್ಣು ಪಿಳುಕಿಸದೆ ಅವನ ಕೈ ನೋಡುತ್ತಿದ್ದರು. ತಮ್ಮನ ಕಡೆ ತಿರುಗಿ, “ನೋಡ್ಕೋ,” ಅಂದರು, ಅಷ್ಟೇ.

ಸಾಲಾಗಿ ಕೂತೆವು. ಮೊದಲ ಭಾಕರಿ ಹಂಚಿನಿಂದ ಎದ್ದು, ಕೆಂಡದ ಮೇಲೆ ಉಬ್ಬಿ, ಹಬೆಯಾಡುತ್ತ ಬಂದು ನಾದಿನಿಯ ತಟ್ಟೆಗೆ ಬಿತ್ತು. ಅವರ ಕೈ ತಾನಾಗಿ ತಟ್ಟೆಯನ್ನು ತಮ್ಮನ ಕಡೆ ಸರಿಸಿತು. ತಮ್ಮನ ಕೈಯೂ ತಾನಾಗಿ ಮುಂದೆ ಬಂತು. ಇಬ್ಬರದೂ ತಪ್ಪಲ್ಲ. ನಮ್ಮ ಮನೆಗಳಲ್ಲಿ ಬಿಸಿಯದು ಗಂಡಸರಿಗೆ, ಆಮೇಲಿನದು ಮಕ್ಕಳಿಗೆ, ಬಂದವರಿಗೆ. ಬಡಿದವಳು ಕಡೆಗೆ ಕೂತು, ಆರಿ ಬಿರುಸಾದದ್ದನ್ನು ಪಲ್ಯದಲ್ಲಿ ನೆನಸಿ ತಿನ್ನುತ್ತಾಳೆ.

ನಾನು ತಟ್ಟೆ ಹಿಡಿದು ಎಳೆದು ಮತ್ತೆ ಅವರ ಮುಂದೆ ಇಟ್ಟೆ. “ನೀವು ತಿನ್ರಿ ಅಕ್ಕಾ. ಅವರಿಗಿ ಬರ್ತದ.”

ಅವರು ನನ್ನ ಮುಖ ನೋಡಿದರು, ತಮ್ಮನ ಮುಖ ನೋಡಿದರು. ಆಮೇಲೆ ಭಾಕರಿ ಮುರಿದರು. ಒಳಗಿನ ಹಬೆ ಬೆರಳಿಗೆ ತಾಗಿತು. ಊದಿಕೊಂಡು ಬಾಯಿಗಿಟ್ಟು, ನಿಧಾನವಾಗಿ ಅಗಿದು, “ಬಿಸಿ ಇದ್ದಾಗ ಇಷ್ಟು ಮೆತ್ತಗ ಇರ್ತದೇನ ಇದು,” ಅಂದರು. ಜೀವಮಾನವೆಲ್ಲ ರೊಟ್ಟಿ ಬಡಿದ ಹೆಂಗಸು. ಎರಡನೆಯದು ನನ್ನ ತಟ್ಟೆಗೆ ಬಂತು, ನಾನೂ ಯಾರ ಕಡೆಗೂ ಸರಿಸಲಿಲ್ಲ.

ಒಲೆಯ ಮುಂದಿನಿಂದ ಅವನು, ಇನ್ನೊಂದು ಬಡಿಸಲಾ ಅಂತ ಕೇಳಿದ. ನಮ್ಮ ಮನೆಯವರು ಖಾಲಿ ತಟ್ಟೆ ಮುಂದಿಟ್ಟುಕೊಂಡು ಕೆಮ್ಮಿದರು.

“ಹಾಂ, ವಾಢಾ,” ಅಂದರು ನಾದಿನಿ, ಮರಾಠಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ. ಬಡಿಸು ಅಂತ ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅವರ ಬೆನ್ನಿಗೇ ನಾನೂ ನನ್ನ ತಟ್ಟೆ ಮುಂದೆ ಚಾಚಿದೆ.