ಯಶೋಧರಾ ಮೇಡಂ ಮತ್ತು ಬಿಳಿಚೋಡಿನ ಹೀರೆಹೂ

ಹೊತ್ತು ಮುಳುಗುವಾಗ ಅರಳುವ ಹೀರೆಹೂವಿಗೆ ಹಸಿ ಬಳ್ಳಿಯ ಒಗರು ಬೆರೆತ ತಣ್ಣನೆಯ ವಾಸನೆಯಿರುತ್ತದೆ. ಉಬ್ರಾಣಿಯ ಹಿತ್ತಿಲ ಬೇಲಿಯಲ್ಲಿ ಎಂಟು ವರ್ಷದ ಹುಡುಗಿಯಾಗಿ ಮೂಸಿದ ಆ ವಾಸನೆಯೇ ತಮ್ಮನ್ನು ಸಸ್ಯಶಾಸ್ತ್ರಕ್ಕೆ ಎಳೆತಂದಿತೆಂದು ಡಾ. ಯಶೋಧರಾ ಹೇಳುತ್ತಿದ್ದರು. ಪರಾಗದ ಕಣ ಹೆಣ್ಣುಹೂವಿನ ನಡುವಿನ ಅಂಟುತುದಿಯಾದ ಶಲಾಕಾಗ್ರದ ಮೇಲೆ ಕುಳಿತಾಗ ಅದರ ಕೋಶಭಿತ್ತಿಯ ಪ್ರೋಟೀನುಗಳು ತಮ್ಮ ಗುರುತು ಹೇಳಿ, ಎದುರಿನ ಗೋಡೆಯನ್ನು ಸಡಿಲಿಸಿ, ಪರಾಗನಳಿಕೆಗೆ ದಾರಿ ಮಾಡಿಕೊಡುತ್ತವೆ ಎಂಬ ವಿಷಯದಲ್ಲಿ ನಮ್ಮ ಸೀಮೆಯಲ್ಲಿ ಮೊದಲು ಹೇಳಬೇಕಾದ ಹೆಸರು ಅವರದು. ಹೇಳುವವರಿಲ್ಲ.

ನ್ಯಾಮತಿಯಲ್ಲಿ ಉಪನ್ಯಾಸಕಿಯಾಗಿದ್ದಾಗ, ಕಣ್ಣು ಮಂದವಿದ್ದ ಒಬ್ಬ ವಿದ್ಯಾರ್ಥಿನಿ ಯಾರನ್ನೂ ಕೇಳಬೇಕಾಗದಿರಲೆಂದು, ಸೂಕ್ಷ್ಮದರ್ಶಕದಲ್ಲಿ ಕಾಣುವುದನ್ನೆಲ್ಲ ಅವರು ತರಗತಿಗೆ ಮೊದಲೇ ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆದಿಟ್ಟಿರುತ್ತಿದ್ದರು. ಅದು ಆ ಒಬ್ಬಳಿಗಾಗಿ ಎಂದು ಉಳಿದವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಜಗಳೂರಿಗೆ ವರ್ಗವಾದ ಮೇಲೆ ಬಿಳಿಚೋಡಿನಲ್ಲಿ ಅರ್ಧ ಎಕರೆ ಹೀರೆ ಹಾಕಿಸಿದರು. ನೀರು ಬಿಡುವುದು, ಹೂ ಕಾಯುವುದು ಆ ಊರಿನ ಕೂಲಿಯಾಳು ದುರುಗಮ್ಮನ ಕೆಲಸ. ಹೊರಮೈಯ ಪ್ರೋಟೀನನ್ನು ದ್ರಾವಣದಲ್ಲಿ ತೊಳೆದು ತೆಗೆದ ಪರಾಗವನ್ನು ಸವರಿ, ಹೂವಿಗೆ ಕಾಗದದ ಚೀಲ ಕಟ್ಟಿ, ಚೀಟಿ ಅಂಟಿಸುವುದು ಪ್ರಯೋಗ. ಆ ಪ್ರೋಟೀನಿಲ್ಲದೆ ಪರಾಗ ಫಲಿಸದೆಂಬ ತಮ್ಮ ಊಹೆ ನಿಜವಾದರೆ ಕಾಯಿ ಕಚ್ಚಬಾರದು. ಆದರೆ ಮೂರು ಬೆಳೆಯಲ್ಲೂ ಕಚ್ಚಿತು. ಊಹೆ ತಪ್ಪೆಂದು ಒಪ್ಪಿಕೊಂಡು, ಆ ಪ್ರೋಟೀನು ಅನಿವಾರ್ಯವಲ್ಲ ಎಂದೇ ಯಶೋಧರಾ ಪ್ರಬಂಧ ಪ್ರಕಟಿಸಿದರು.

ಮರುವರ್ಷ ಬಳ್ಳಿ ಬಿಡಿಸುತ್ತ ದುರುಗಮ್ಮ ಸಂಕೋಚದಿಂದ ಹೇಳಿದಳು: “ನೀವು ಹೋದ ಮ್ಯಾಲೆ ನಾನೇ ಬ್ಯಾರೆ ಗಂಡುಹೂ ತಂದು ಒರೆಸ್ತಿದ್ದೆ ಮೇಡಂ. ಇಲ್ದಿದ್ರೆ ಹೀಚು ಉದುರೋಗ್ತಿದ್ವು.”

“ಚೀಟಿ ಅಂಟಿಸಿದ್ದಕ್ಕೂ?”

“ಅವಕ್ಕೇ ಮೊದ್ಲು. ಕಾಯೇ ಇಲ್ಲ ಅಂತ ನಿಮ್ ಸಾಹೇಬ್ರು ಅವತ್ತು ಬೈದಿದ್ರಲ್ಲ. ಚೀಲ ಮಾತ್ರ ನಿಮಗಿಂತ ಚಂದಾಗಿ ಕಟ್ಟೀನಿ, ನೋಡ್ರಿ ಬೇಕಾದ್ರೆ.”

“ಇನ್ಮೇಲೆ ಮುಟ್ಟಬ್ಯಾಡವ್ವ,” ಎಂದಷ್ಟೇ ಹೇಳಿ ಯಶೋಧರಾ ಬಸ್ಸು ಹತ್ತಿದರು.

ಆ ಸಾಹೇಬರು, ವಿಭಾಗದ ಮುಖ್ಯಸ್ಥ ಬೀರಲಿಂಗಪ್ಪನವರು, ಯಶೋಧರಾ ನಡೆದದ್ದನ್ನು ತಿಳಿಸಿದಾಗ ನಕ್ಕರು. “ಬಿಳಿಚೋಡಿಗೆ ಯಾರ್ ನೋಡಾಕೆ ಬರ್ತಾರ್ರೀ? ಪ್ರೊಫೆಸರ್ ಹುದ್ದೆಗೆ ಮುಂದಿನ ತಿಂಗ್ಳು ಸಂದರ್ಶನ ಐತೆ. ಸುಮ್ನಿರಿ.” ಯಶೋಧರಾ ಸುಮ್ಮನಿರಲಿಲ್ಲ. ಹೂಗಳನ್ನು ಕಾಯುವ ಹೊಣೆ ತಮ್ಮದೇ ಆಗಿತ್ತೆಂದು ಸಂಶೋಧನಾ ಪತ್ರಿಕೆಗೆ ಬರೆದು ಪ್ರಬಂಧವನ್ನು ಹಿಂಪಡೆದರು. ದುರುಗಮ್ಮನ ಹೆಸರು ಆ ಪತ್ರದಲ್ಲಿ ಇರಲಿಲ್ಲ. ಆಯ್ಕೆಯ ಕಡತದಲ್ಲಿ ‘ದೋಷಪೂರಿತ ಸಂಶೋಧನೆ’ ಎಂದು ಷರಾ ಬರೆದವರು ಬೀರಲಿಂಗಪ್ಪನವರೇ. ಮೇಡಂ ಅವರ ನಿವೃತ್ತಿಯ ನೆನಪಿಗೆ ತರುತ್ತಿರುವ ಈ ಅಭಿನಂದನಾ ಸಂಪುಟದ ಮುನ್ನುಡಿಯಲ್ಲಿ ಪ್ರಾಮಾಣಿಕತೆಯನ್ನು ಕೊಂಡಾಡಿದವರೂ ಅವರೇ. ಬಿಳಿಚೋಡಿನ ಹೀರೆ ಪ್ಲಾಟು ನಿಂತಿತು. ಏಳು ವರ್ಷಗಳ ನಂತರ ದೂರದ ಪ್ರಯೋಗಾಲಯವೊಂದು ಯಶೋಧರಾ ಅವರ ಮೊದಲ ಊಹೆಯನ್ನೇ ಸಾಧಿಸಿ ತೋರಿಸಿತು. ಅದನ್ನು ಅವರು ತರಗತಿಯಲ್ಲಿ ಪಾಠ ಮಾಡಿದರು, ಬೇರೆಯವರ ಹೆಸರು ಹೇಳಿ. ಹೊನ್ನಾಳಿಯಿಂದ ನಿವೃತ್ತರಾಗುವಾಗಲೂ ಅವರು ಸಹಪ್ರಾಧ್ಯಾಪಕಿಯೇ.

ಇಂಥವರಿಗೆ ಆಯಸ್ಸು ಹಾರೈಸಿದರಷ್ಟೇ ಸಾಲದು. ಆ ಪ್ರಯೋಗವನ್ನು ತಮ್ಮ ಹೆಸರಿನಲ್ಲಿ ಇನ್ನೊಮ್ಮೆ ಮಾಡುವಷ್ಟು ಕಣ್ಣು, ಕೈ, ನೆಲ ಅವರಿಗೆ ಒದಗಲಿ.

ಬೀಳ್ಕೊಡುಗೆಯ ದಿನ ದುರುಗಮ್ಮ ಬಿಳಿಚೋಡಿನಿಂದ ಬಂದು ಕೊನೆಯ ಸಾಲಿನಲ್ಲಿ ಕುಳಿತಿದ್ದಳು. ವೇದಿಕೆಯ ಮೇಲಿಂದ ಬೀರಲಿಂಗಪ್ಪನವರು, “ಆಳುಮಗಳೊಬ್ಬಳ ಕೈ ಆಡದೆ ಇದ್ದಿದ್ರೆ ನಮ್ಮ ಮೇಡಂ ಎಂದೋ ಪ್ರೊಫೆಸರ್ ಆಗ್ತಿದ್ರು” ಎಂದಾಗ ಸಭೆ ನಕ್ಕಿತು. ಹದಿನಾಲ್ಕು ವರ್ಷಗಳ ನಂತರ ದುರುಗಮ್ಮನಿಗೆ ವಿಷಯ ತಿಳಿದದ್ದು ಹೀಗೆ. ಅವಳು ಎದ್ದು ಹೋಗಿ ಹೊರಗೆ ಕಟ್ಟೆಯ ಮೇಲೆ ತನ್ನ ಎರಡು ಕೈಗಳನ್ನೇ ನೋಡುತ್ತ ಕುಳಿತಳು. “ನನ್ ಹೆಸರು ಸೇರಿಸೇ ಬರೀರಿ,” ಎಂದು ಆಮೇಲೆ ಈ ಬರಹಕ್ಕಾಗಿ ಕೇಳಿದಾಗ ಹೇಳಿದವಳು ಅವಳೇ. ಆದ್ದರಿಂದ ಇಲ್ಲಿ ಮರೆಮಾಚಿಲ್ಲ. ಅವತ್ತು ಊಟಕ್ಕೆ ಕರೆದರೂ ಅವಳು ಏಳಲಿಲ್ಲ.

ಅತಿಥಿಗಳ ಊಟದ ಸಾಲಿನಿಂದ ಯಶೋಧರಾ ಎದ್ದರು. ಕೊರಳಿನ ಹಾರವನ್ನು ಕುರ್ಚಿಗೆ ಹಾಕಿ, ತಮಗೆ ಬಡಿಸಿದ್ದ ತಟ್ಟೆಯನ್ನು ಎತ್ತಿಕೊಂಡು ಬಂದು, ಆ ಎರಡು ಕೈಗಳಲ್ಲಿ ಇಟ್ಟರು.